ಹಳೆ ಡಿಸ್ಕ್ ಶೆಲ್ಫ್ ತಂದಾಯ್ತು, ಡಿಸ್ಕ್ ಕಾಣ್ತಿಲ್ಲ: ಎಲ್ಲಿಂದ ಹುಡುಕಬೇಕು?

“ದೀಪ ಎಲ್ಲ ಉರೀತದೆ, ಡಿಸ್ಕ್ ಮಾತ್ರ ಕಾಣೂದಿಲ್ಲ.” ಡೇಟಾ ಸೆಂಟರಿನಿಂದ ಹೊರಬಿದ್ದ ಶೆಲ್ಫ್, ಅಂದರೆ ಹತ್ತಾರು ಡಿಸ್ಕ್ ಕೂರಿಸಿ ಕೇಬಲಿನಲ್ಲಿ ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ತರಿಸಿಕೊಂಡವರು ಫೋನ್ ಮಾಡಿ ಹೇಳುವುದು ಹೆಚ್ಚುಕಮ್ಮಿ ಇದನ್ನೇ. ಇಷ್ಟರಿಂದ ಏನೂ ಗೊತ್ತಾಗುವುದಿಲ್ಲ. ನಾನು ತಿರುಗಿ ಕೇಳುವುದು ಎರಡು ಪ್ರಶ್ನೆ. ಎಷ್ಟು ಡಿಸ್ಕ್ ಕಾಣ್ತಿಲ್ಲ? ಯಾವಾಗಿನಿಂದ?

ಒಂದೇ ಡಿಸ್ಕ್ ಇಲ್ಲವೆಂದರೆ ಆ ಡಿಸ್ಕನ್ನೋ ಅದು ಕೂತ ಬೇಯನ್ನೋ (ಡಿಸ್ಕ್ ತೂರಿಸುವ ಗೂಡು) ನೋಡಿದರೆ ಸಾಕು. ಒಂದೂ ಇಲ್ಲವೆಂದರೆ ಡಿಸ್ಕುಗಳನ್ನು ಮುಟ್ಟಲೇಬೇಡಿ. 24 ಡಿಸ್ಕ್ ಒಂದೇ ದಿನ ಸಾಯುವುದಿಲ್ಲ. ಕರೆಂಟು, ಕೇಬಲ್, ಕಾರ್ಡು, ಈ ಮೂರರಲ್ಲೇ ಎಲ್ಲೋ ಇದೆ. ಎಲ್ಲ ಕಾಣ್ತವೆ, ಆದರೆ ಗಾತ್ರ ಸೊನ್ನೆ ಅಂದರೆ ಅದು ರಿಪೇರಿಯ ಕೆಲಸವೇ ಅಲ್ಲ, ಫಾರ್ಮ್ಯಾಟಿನ ಕೆಲಸ. ಚೆನ್ನಾಗಿ ನಡೀತಿದ್ದು ಒಂದು ಗಂಟೆಯ ಮೇಲೆ ಎಲ್ಲ ಒಟ್ಟಿಗೆ ಮಾಯವಾದರೆ ಮೊದಲು ಬಿಸಿಯ ಮೇಲೆ ಅನುಮಾನ ಇಡಿ. ಹೀಗೆ ವಿಂಗಡಿಸಿಕೊಳ್ಳದೆ ಡಿಸ್ಕುಗಳನ್ನು ಎಳೆದು ತೆಗೆದು ಹಾಕುತ್ತಾ ಕೂತರೆ ದಿನವೂ ಹೋಗುತ್ತದೆ, ಇದ್ದ ಸುಳಿವೂ ಹೋಗುತ್ತದೆ.

ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಕುಂಬಳೆ ಕಡೆ ಇಂಥ ಶೆಲ್ಫ್ ತರಿಸುವವರಲ್ಲಿ ನನಗೆ ಗೊತ್ತಿರುವವರು ಮದುವೆ ವಿಡಿಯೋದವರು ಮತ್ತು ಇಡೀ ರಾತ್ರಿಯ ಯಕ್ಷಗಾನ ಆಟ ರೆಕಾರ್ಡ್ ಮಾಡುವವರು. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಒಂದು ಕ್ಯಾಮೆರಾ ಗಂಟೆಗೆ 45 ಜಿಬಿ ತಿನ್ನುತ್ತದೆ. ಎಂಟು ಗಂಟೆಯ ಆಟ, ಮೂರು ಕ್ಯಾಮೆರಾ ಅಂದರೆ ಒಂದೇ ರಾತ್ರಿಗೆ ಒಂದು ಟಿಬಿ ದಾಟಿತು. ಯುಎಸ್‌ಬಿ ಡಿಸ್ಕು ಕೊಂಡು ಪೂರೈಸುವುದಿಲ್ಲ ಅಂತ ಜನ ಹಳೆ ಶೆಲ್ಫಿನ ಕಡೆ ಬರುತ್ತಾರೆ. ನನ್ನ ಕೈಗೆ ಜಾಸ್ತಿ ಬಂದದ್ದು ನೆಟ್‌ಆ್ಯಪ್ ಡಿಎಸ್ 4246: ರ‍್ಯಾಕಿನ ಅಳತೆಯಲ್ಲಿ 4ಯು ಎತ್ತರ, ಎದುರಿಗೆ 24 ಬೇ, ಹಿಂದೆ ಕೇಬಲ್ ಹಾಕುವ ಎರಡು ಐಒಎಂ 6 ಮಾಡ್ಯೂಲ್, ನಾಲ್ಕು ಪವರ್ ಸಪ್ಲೈಯ ಜಾಗ. ಕಂಪ್ಯೂಟರಿನಲ್ಲಿ ಎಲ್‌ಎಸ್‌ಐ 9200-8ಇ ಅಥವಾ 9207-8ಇ ಎಚ್‌ಬಿಎ ಕಾರ್ಡು (ಹೊರಗಿನ ಡಿಸ್ಕುಗಳನ್ನು ಕಂಪ್ಯೂಟರಿಗೆ ಸೇರಿಸುವ ಕಾರ್ಡು), ಲಿನಕ್ಸ್. ನಿಮ್ಮದು ಡೆಲ್ಲಿನ ಎಂಡಿ 1200 ಆದರೂ ಹುಡುಕುವ ದಾರಿ ಇದೇ. ಪೋರ್ಟು, ಗುರುತುಗಳು ಮಾತ್ರ ಬೇರೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಶೆಲ್ಫಿಗೆ ಸ್ವಂತ ಬುದ್ಧಿ ಇಲ್ಲ. ಹಿಂದೆ ಲ್ಯಾನ್ ಪೋರ್ಟಿನಂತೆ ಕಾಣುವ ತೂತುಗಳಿವೆ ಅಂತ ಅದಕ್ಕೆ ರೌಟರಿನ ಕೇಬಲ್ ಚುಚ್ಚಿ ಐಪಿ ವಿಳಾಸ ಬರಲಿ ಅಂತ ಕಾಯುವವರಿದ್ದಾರೆ. ಬರುವುದಿಲ್ಲ. ಅದು ನೆಟ್‌ಆ್ಯಪ್‌ನ ಸ್ವಂತ ಕಂಟ್ರೋಲರ್ ಶೆಲ್ಫಿನ ಜೊತೆ ಮಾತಾಡಲು ಇಟ್ಟ ಎಸಿಪಿ ಪೋರ್ಟು. ನಮಗೆ ಬೇಡ, ಖಾಲಿ ಬಿಡಿ. ನೆಟ್‌ವರ್ಕಿಗೆ ಹಂಚುವ ಕೆಲಸ ಎಚ್‌ಬಿಎ ಇರುವ ಕಂಪ್ಯೂಟರಿನದು.

ಮೊದಲು ಕರೆಂಟು

ನಮ್ಮ ಊರಿನಲ್ಲಿ ತೊಂದರೆ ಶುರುವಾಗುವುದೇ ಇಲ್ಲಿ. ಶೆಲ್ಫಿನ ಸ್ವಿಚ್ ಹಾಕಿದ ಕೂಡಲೇ ಇಡೀ ಮನೆಯ ಇಎಲ್‌ಸಿಬಿ (ಸೋರಿಕೆ ಕಂಡರೆ ಕರೆಂಟು ಕಡಿಯುವ ಸ್ವಿಚ್) ಬೀಳುತ್ತದೆ. ಮಾರಿದವನು ಸುಟ್ಟ ಮಾಲು ಕೊಟ್ಟ ಅಂತ ಬೈಯುವ ಮೊದಲು ಲೆಕ್ಕ ನೋಡಿ. ಪ್ರತಿ ಪವರ್ ಸಪ್ಲೈಯೂ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಸ್ವಲ್ಪ ಕರೆಂಟನ್ನು ಅರ್ತಿಗೆ ಬಿಡುತ್ತದೆ. ಅದು ದೋಷವಲ್ಲ, ವಿನ್ಯಾಸವೇ ಹಾಗೆ. ಶೆಲ್ಫಿನ ನಾಲ್ಕು, ಸರ್ವರಿನ ಎರಡು ಸೇರಿದರೆ ಅದೆಲ್ಲ ಕೂಡಿಕೊಳ್ಳುತ್ತದೆ. ಮನೆಯ ಇಎಲ್‌ಸಿಬಿ ಮೇಲೆ 30 ಮಿಲಿಆಂಪ್ ಅಂತ ಬರೆದಿದ್ದರೂ ಅದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಜೂನ್, ಜುಲೈಯಲ್ಲಿ ಗೋಡೆ ನೆಂದು, ಪಂಪ್‌ಸೆಟ್ಟಿನ ವಯರು ಒದ್ದೆಯಾಗಿ ಮೊದಲೇ ಒಂದಿಷ್ಟು ಸೋರುತ್ತಿರುತ್ತದೆ. ಅದರ ಮೇಲೆ ಈ ಶೆಲ್ಫು.

ಪರೀಕ್ಷೆ ಸುಲಭ. ಶೆಲ್ಫಿನ ಎಲ್ಲ ಪವರ್ ಕಾರ್ಡ್ ಬಿಚ್ಚಿ, ಒಂದೊಂದಾಗಿ ಹಾಕಿ. ಕ್ರಮ ಬದಲಿಸಿ ಮತ್ತೊಮ್ಮೆ ಹಾಕಿ. ಯಾವಾಗಲೂ ಅದೇ ಒಂದು ಸಪ್ಲೈ ಹಾಕಿದಾಗ ಬಿದ್ದರೆ ಆ ಸಪ್ಲೈ ಹಾಳು, ಬದಲಿಸಿ. ಯಾವುದನ್ನು ಕೊನೆಗೆ ಹಾಕಿದರೂ ಬಿದ್ದರೆ ಸಪ್ಲೈಗಳೆಲ್ಲ ಸರಿ ಇವೆ, ಒಟ್ಟು ಸೋರಿಕೆ ಜಾಸ್ತಿ. ಆಗ ಇಎಲ್‌ಸಿಬಿಯನ್ನು ಬೈಪಾಸ್ ಮಾಡುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೇಳಬೇಡಿ. ವಯರಿಂಗ್‌ನವರನ್ನು ಕರೆದು ಈ ಸಾಮಾನಿಗೆ ಬೇರೆ ಲೈನು, ಅದಕ್ಕೇ ಬೇರೆ ಇಎಲ್‌ಸಿಬಿ ಹಾಕಿಸಿ. ಇನ್ನೊಂದು ಉಪಾಯ ಉಂಟು. ಬೇಯಲ್ಲಿರುವುದು ನಿಮಿಷಕ್ಕೆ 7200 ಸುತ್ತಿನ ಸಾಟಾ ಡಿಸ್ಕುಗಳಾದರೆ (ಮನೆ ಕಂಪ್ಯೂಟರಿನಲ್ಲೂ ಇರುವ ಬಗೆ) ಈ ಶೆಲ್ಫಿಗೆ ಎರಡೇ ಸಪ್ಲೈ ಸಾಕು. ನಾಲ್ಕೂ ಬೇಕಾಗುವುದು ಸರ್ವರುಗಳಿಗೇ ಮಾಡಿದ 15,000 ಸುತ್ತಿನ ಸ್ಯಾಸ್ ಡಿಸ್ಕುಗಳಿಗೆ. ಬೇಡದ ಎರಡನ್ನು ಪೂರ್ತಿ ಹೊರಗೆ ತೆಗೆದು ಆ ಜಾಗಕ್ಕೆ ಮುಚ್ಚಳ ಹಾಕಿ. ಸಪ್ಲೈ ಒಳಗೇ ಇಟ್ಟು ಬರೀ ವಯರು ಬಿಚ್ಚಿಟ್ಟರೆ ಹಳದಿ ದೀಪ ಹೊತ್ತಿಕೊಂಡು ಫ್ಯಾನುಗಳು ಬೊಬ್ಬೆ ಹಾಕಲು ಶುರು ಮಾಡುತ್ತವೆ. “ಫ್ಯಾನ್ ಹಾಳಾಗಿದೆ” ಅಂತ ಬಂದ ಕೆಲವು ದೂರುಗಳಲ್ಲಿ ಸಿಕ್ಕಿದ್ದು ಇಷ್ಟೇ.

ಮುಟ್ಟಿದರೆ ಜುಂ ಅನ್ನುತ್ತದೆ ಅಂದರೆ ಅರ್ತಿಂಗ್ ಇಲ್ಲ ಅಂತಲೇ ಲೆಕ್ಕ. ಅರ್ತ್ ಸಿಗದಿದ್ದಾಗ ಅದೇ ಕೆಪಾಸಿಟರುಗಳು ಪೆಟ್ಟಿಗೆಯ ಲೋಹವನ್ನು ಸುಮಾರು ಅರ್ಧ ವೋಲ್ಟೇಜಿನಲ್ಲಿ, ಅಂದರೆ 115 ವೋಲ್ಟಿನ ಆಸುಪಾಸಿನಲ್ಲಿ ತೇಲಿಸುತ್ತವೆ. ಕರೆಂಟಿನ ಪ್ರಮಾಣ ಸಣ್ಣದು, ಆದರೆ ನಾಲ್ಕು ಸಪ್ಲೈಯದ್ದು ಸೇರಿದರೆ ಸಣ್ಣದು ಅನ್ನುವಂತಿಲ್ಲ. ಶೆಲ್ಫಿನ ಕಾರ್ಡ್ ಬಿಚ್ಚಿಟ್ಟು, ಮಲ್ಟಿಮೀಟರ್ ಹಿಡಿದು ಗೋಡೆಯ ಸಾಕೆಟ್ಟಿನಲ್ಲೇ ನೋಡಿ. ಫೇಸಿಗೂ ನ್ಯೂಟ್ರಲಿಗೂ ಎಷ್ಟು ವೋಲ್ಟ್ ಬರುತ್ತದೋ ಫೇಸಿಗೂ ಅರ್ತಿಗೂ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ನ್ಯೂಟ್ರಲಿಗೂ ಅರ್ತಿಗೂ ನಡುವೆ ಒಂದೆರಡು ವೋಲ್ಟಿಗಿಂತ ಬಹಳ ಮೇಲೆ ಹೋದರೆ ಅರ್ತಿನ ಗುಂಡಿ ನೋಡಬೇಕು. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ತ್ ಮಾರ್ಚ್, ಏಪ್ರಿಲಿನಲ್ಲಿ ಗುಂಡಿ ಒಣಗಿ ಕೈಕೊಡುತ್ತದೆ. ಸೆಕೆಗಾಲದಲ್ಲಿ ಮಾತ್ರ ಬರುವ ದೋಷವಾದರೆ ಒಂದು ಕೊಡ ನೀರು ಸುರಿದು ಮತ್ತೆ ಅಳೆಯಿರಿ, ಅಲ್ಲೇ ಗೊತ್ತಾಗುತ್ತದೆ.

ಶೆಲ್ಫನ್ನೂ ಕಂಪ್ಯೂಟರನ್ನೂ ಒಂದೇ ಬೋರ್ಡಿನಿಂದ, ಒಂದೇ ಅರ್ತಿನಿಂದ ಓಡಿಸಿ. ಕಂಪ್ಯೂಟರು ಯುಪಿಎಸ್ಸಿನಲ್ಲಿ, ಶೆಲ್ಫು ನೇರ ಗೋಡೆಯಲ್ಲಿ ಅಂತ ಮಾಡಿದರೆ ಕರೆಂಟು ಹೋದಾಗ ಕಂಪ್ಯೂಟರು ಬದುಕಿದ್ದು ಡಿಸ್ಕುಗಳೆಲ್ಲ ಸಾಯುತ್ತವೆ. ಬರೆಯುತ್ತಿದ್ದ ಫೈಲು ಅರ್ಧಕ್ಕೆ ನಿಲ್ಲುತ್ತದೆ.

ಮನೆಯ ಇನ್ವರ್ಟರಿಗೆ ಹಾಕಬಹುದಾ? ಸ್ಕ್ವೇರ್ ವೇವ್ ಇನ್ವರ್ಟರಿಗೆ ಬೇಡ. ಇಂಥ ಸಪ್ಲೈಗಳು ಸೈನ್ ವೇವ್ ಕರೆಂಟಿಗೇ ಮಾಡಿದವು. ಸ್ಕ್ವೇರ್ ವೇವಿನಲ್ಲಿ ಗುಂಯ್ ಅನ್ನುತ್ತವೆ, ಬಿಸಿಯಾಗುತ್ತವೆ, ಒಮ್ಮೊಮ್ಮೆ ಆಫ್ ಆಗುತ್ತವೆ. ಸ್ಟೆಬಿಲೈಸರಿಗೆ ದುಡ್ಡು ಹಾಕುವ ಅಗತ್ಯವೂ ಇಲ್ಲ. ಸಪ್ಲೈ ಮೇಲೆ 100–240 ವೋಲ್ಟ್ ಅಂತ ಬರೆದಿರುತ್ತದೆ, ಸಂಜೆ ಹೊತ್ತು 180ಕ್ಕೆ ಇಳಿದರೂ ಅದು ಓಡುತ್ತದೆ.

ಸ್ವಿಚ್ ಹಾಕುವ ಕ್ರಮವೂ ಮುಖ್ಯ. ಮೊದಲು ಶೆಲ್ಫು. ಎಲ್ಲ ಡಿಸ್ಕು ತಿರುಗಿ ದೀಪಗಳು ಸುಮ್ಮನಾಗುವ ತನಕ ಒಂದೆರಡು ನಿಮಿಷ ಬಿಡಿ. ಆಮೇಲೆ ಕಂಪ್ಯೂಟರು. ಆಫ್ ಮಾಡುವಾಗ ಇದಕ್ಕೆ ಉಲ್ಟಾ.

ಒಂದೂ ಕಾಣ್ತಿಲ್ಲ

ಐಒಎಂ ಮೇಲೆ ಕ್ಯೂಎಸ್‌ಎಫ್‌ಪಿ ಅನ್ನುವ ನಮೂನೆಯ ಎರಡು ಪೋರ್ಟುಗಳಿವೆ. ಒಂದರ ಬಳಿ ಚೌಕದ ಗುರುತು, ಇನ್ನೊಂದರ ಬಳಿ ವೃತ್ತದ ಗುರುತು. ಕಂಪ್ಯೂಟರಿನಿಂದ ಬರುವ ಕೇಬಲ್ ಚೌಕಕ್ಕೆ. ವೃತ್ತ ಇರುವುದು ಮುಂದಿನ ಶೆಲ್ಫಿಗೆ ಹೋಗಲು. ಕೇಬಲಿನ ಒಂದು ತುದಿ ಕ್ಯೂಎಸ್‌ಎಫ್‌ಪಿ, ಕಾರ್ಡಿಗೆ ಹೋಗುವ ತುದಿ ಎಸ್‌ಎಫ್‌ಎಫ್ 8088 ನಮೂನೆಯದು ಇರಬೇಕು. ಕೊಳ್ಳುವಾಗ ಎಚ್ಚರ: 40 ಗಿಗಾಬಿಟ್ ಈಥರ್ನೆಟ್ಟಿನ ಕೇಬಲಿಗೂ ಇದೇ ಕ್ಯೂಎಸ್‌ಎಫ್‌ಪಿ ತುದಿ, ನೋಡಲು ಅಣ್ಣ ತಮ್ಮ. ಸ್ಯಾಸ್ ಕೇಬಲ್ ಅಂತಲೇ ಕೇಳಿ ತರಿಸಿ. ಎರಡೂ ತುದಿ ‘ಟಕ್’ ಅನ್ನುವ ತನಕ ಒತ್ತಿ. ಪೋರ್ಟಿನ ಪಕ್ಕ ಹಸಿರು ಲಿಂಕ್ ದೀಪ ಬಂದರೆ ಕೇಬಲ್ ಮಟ್ಟಿಗೆ ಅರ್ಧ ಗೆದ್ದಂತೆ.

ದೀಪ ಬಂದೂ ಡಿಸ್ಕ್ ಇಲ್ಲವೆಂದರೆ ಕಾರ್ಡಿನ ಕಡೆ ಬನ್ನಿ. ಕಂಪ್ಯೂಟರ್ ಶುರುವಾಗುವಾಗ ಎಲ್‌ಎಸ್‌ಐ ಹೆಸರಿನ ಪರದೆ ಒಂದು ಗಳಿಗೆ ಬಂದು ಹೋಗುತ್ತದೆ. ಆಗ ಕಂಟ್ರೋಲ್ ಒತ್ತಿ ಹಿಡಿದು ಸಿ ಒತ್ತಿ. ಒಳಗೆ ಸ್ಯಾಸ್ ಟೋಪಾಲಜಿ ಅನ್ನುವ ಪುಟ ಉಂಟು. ಅಲ್ಲಿ ಶೆಲ್ಫು, ಅದರ ಕೆಳಗೆ ಡಿಸ್ಕುಗಳು ಸಾಲಾಗಿ ಕಾಣುತ್ತವೆ. ನನಗೆ ಈ ಪುಟ ಬಹಳ ಇಷ್ಟ, ಯಾಕೆಂದರೆ ಇಲ್ಲಿ ಲಿನಕ್ಸಿನ ಕೈವಾಡ ಏನೂ ಇಲ್ಲ. ಇಲ್ಲಿ ಕಂಡು ಲಿನಕ್ಸಿನಲ್ಲಿ ಕಾಣದಿದ್ದರೆ ತೊಂದರೆ ಸಾಫ್ಟ್‌ವೇರಿನದು ಅಥವಾ ಡಿಸ್ಕಿನ ಫಾರ್ಮ್ಯಾಟಿನದು. ಇಲ್ಲೇ ಕಾಣದಿದ್ದರೆ ಕೇಬಲನ್ನು ಕಾರ್ಡಿನ ಇನ್ನೊಂದು ಪೋರ್ಟಿಗೆ ಹಾಕಿ, ಆಮೇಲೆ ಇನ್ನೊಂದು ಐಒಎಂಗೆ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಹೊಸ ಯುಇಎಫ್‌ಐ ಬೋರ್ಡುಗಳಲ್ಲಿ ಈ ಪರದೆ ಬಾರದೆ ಹೋಗಬಹುದು, ಅದರಿಂದ ಕಾರ್ಡು ಸತ್ತಿದೆ ಅಂತ ಅಂದುಕೊಳ್ಳಬೇಡಿ.

ಫರ್ಮ್‌ವೇರ್ ಐಟಿ ಮೋಡಿನದ್ದಾ ಅಂತ ನೋಡಿ. ಆ ಮೋಡಿನಲ್ಲಿ ಕಾರ್ಡು ತನ್ನ ರೇಡ್ ಬುದ್ಧಿ (ಹಲವು ಡಿಸ್ಕನ್ನು ಒಂದಾಗಿ ಕಟ್ಟಿ ತೋರಿಸುವುದು) ಬಿಟ್ಟು ಡಿಸ್ಕುಗಳನ್ನು ಇದ್ದ ಹಾಗೆ ಮುಂದೆ ದಾಟಿಸುತ್ತದೆ, ನಮಗೆ ಬೇಕಾದ್ದು ಅದೇ. ಈ ಎರಡು ಕಾರ್ಡುಗಳಿಗೆ 20.00.07.00 ಆವೃತ್ತಿ ಹಾಕಿ. ಅದೇ 20ರ ಸಾಲಿನ ಮೊದಮೊದಲ ಆವೃತ್ತಿಗಳು ತೊಂದರೆ ಕೊಟ್ಟಿವೆ, ಹಾಗಾಗಿ ಕೊನೆಯ ಅಂಕಿಗಳನ್ನೂ ಓದಿ.

ಎಲ್ಲ ಕಾಣ್ತವೆ, ಗಾತ್ರ ಸೊನ್ನೆ

ನೀರ್ಚಾಲಿನ ಒಬ್ಬ ವಿಡಿಯೋ ಮಿತ್ರ ರಾತ್ರಿ ಫೋನ್ ಮಾಡಿದ್ದು ಇದಕ್ಕೇ. “ಭಾವ, ಎಲ್ಲ ಸೊನ್ನೆ ಸೊನ್ನೆ ತೋರಿಸ್ತದೆ ಮಾರಾಯ್ರೆ. ದುಡ್ಡು ನೀರಿಗೆ ಹೋಯ್ತಾ ಎಂತ?” ಹೋಗಿರಲಿಲ್ಲ. ಕರ್ನಲ್ ಲಾಗ್, ಅಂದರೆ ಲಿನಕ್ಸ್ ತಾನೇ ಬರೆದಿಡುವ ದಾಖಲೆ, ಓದಿ ಅಂದೆ. ಪ್ರತಿ ಡಿಸ್ಕಿನ ಹೆಸರಿನ ಮುಂದೆ ‘ಅನ್‌ಸಪೋರ್ಟೆಡ್ ಸೆಕ್ಟರ್ ಸೈಜ್ 520’ ಅಂತ ಬಂದಿತ್ತು.

ವಿಷಯ ಇಷ್ಟು. ನಾವು ಬಳಸುವ ಡಿಸ್ಕಿನಲ್ಲಿ ಒಂದು ಸೆಕ್ಟರ್ ಅಂದರೆ 512 ಬೈಟ್. ದೊಡ್ಡ ಸ್ಟೋರೇಜ್ ಕಂಪನಿಗಳು ಪ್ರತಿ ಸೆಕ್ಟರಿನ ಬಾಲಕ್ಕೆ ಇನ್ನೂ 8 ಬೈಟ್ ಸೇರಿಸಿ 520 ಮಾಡಿಕೊಳ್ಳುತ್ತವೆ. ಬರೆದದ್ದು ಸರಿಯಾಗಿಯೇ ತಿರುಗಿ ಬಂತಾ ಅಂತ ತಾಳೆ ನೋಡುವ ಚೆಕ್‌ಸಮ್ ಆ ಎಂಟು ಬೈಟಿನಲ್ಲಿ ಕೂರುತ್ತದೆ. ಅವರ ಪೆಟ್ಟಿಗೆಗೆ ಅದು ಬೇಕು. ಲಿನಕ್ಸಿಗೆ ಆ ಅಳತೆ ಒಗ್ಗುವುದಿಲ್ಲ, ಹಾಗಾಗಿ ಡಿಸ್ಕು ಇದೆ ಅಂತ ಒಪ್ಪಿಕೊಂಡರೂ ಗಾತ್ರ ಸೊನ್ನೆ ಅನ್ನುತ್ತದೆ. ಡಿಸ್ಕು ಆರೋಗ್ಯವಾಗಿಯೇ ಇದೆ. ಸಾಟಾ ಡಿಸ್ಕುಗಳಲ್ಲಿ ಈ ತಕರಾರು ಬರುವುದಿಲ್ಲ, ಸ್ಯಾಸ್ ಡಿಸ್ಕುಗಳಲ್ಲಿ ಬರುತ್ತದೆ.

ಮದ್ದು ಎಸ್‌ಜಿ ಫಾರ್ಮ್ಯಾಟ್ ಅನ್ನುವ ಆಜ್ಞೆ. ಎಸ್‌ಜಿ3-ಯುಟಿಲ್ಸ್ ಪ್ಯಾಕೇಜಿನಲ್ಲಿ ಸಿಗುತ್ತದೆ. ಫಾರ್ಮ್ಯಾಟ್ ಮಾಡು, ಗಾತ್ರ 512, ಪ್ರೊಟೆಕ್ಷನ್ ಮಾಹಿತಿ ಸೊನ್ನೆ ಅಂತ ಮೂರೂ ಸೂಚನೆ ಕೊಡಿ. ಮೂರನೆಯದನ್ನು ಬಿಡಬೇಡಿ. ಕೆಲವು ಡಿಸ್ಕುಗಳಲ್ಲಿ ಸೆಕ್ಟರ್ 512 ಇದ್ದರೂ ಟೈಪ್ 2 ಪ್ರೊಟೆಕ್ಷನ್ (ತಾಳೆ ನೋಡುವ ಇನ್ನೊಂದು ವ್ಯವಸ್ಥೆ) ಆನ್ ಆಗಿರುತ್ತದೆ, ಆಗ ಈ ಕಾರ್ಡುಗಳು ಅದನ್ನು ಒಲ್ಲೆ ಅನ್ನಬಹುದು. ಆಜ್ಞೆ ಕೊಟ್ಟ ಮೇಲೆ ಅದು 15 ಸೆಕೆಂಡ್ ಎಣಿಸಿ, ಎಲ್ಲ ಡೇಟಾ ಅಳಿದು ಹೋಗುತ್ತದೆ ಅಂತ ಎಚ್ಚರಿಸಿ ಶುರು ಮಾಡುತ್ತದೆ. ಆ 15 ಸೆಕೆಂಡಿನಲ್ಲಿ ಡಿಸ್ಕಿನ ಸಂಖ್ಯೆ ಮತ್ತೊಮ್ಮೆ ಓದಿ. ನಿಮ್ಮ ಸ್ವಂತ ಫೈಲು ಇರುವ ಡಿಸ್ಕನ್ನು ಈ ಕೆಲಸ ಮುಗಿಯುವ ತನಕ ಬಿಚ್ಚಿಟ್ಟರೆ ಇನ್ನೂ ನೆಮ್ಮದಿ.

ಬಹಳ ಹೊತ್ತು ಹಿಡಿಯುತ್ತದೆ. ಸೆಕೆಂಡಿಗೆ 150 ಎಂಬಿ ವೇಗದ 4 ಟಿಬಿ ಡಿಸ್ಕಿಗೆ ಏಳು ಗಂಟೆಯ ಮೇಲೆ. ಕೆಲಸ ನಡೆಯುವುದು ಡಿಸ್ಕಿನ ಒಳಗೇ. ಟರ್ಮಿನಲ್ ಮುಚ್ಚಿದರೂ, ಎಸ್‌ಎಸ್‌ಎಚ್ ಕಡಿದರೂ ಅದು ಮುಂದುವರಿಯುತ್ತದೆ. ಎಷ್ಟಾಯಿತು ಅಂತ ಎಸ್‌ಜಿ ಟರ್ಸ್ ಆಜ್ಞೆಗೆ ಪ್ರೋಗ್ರೆಸ್ ಅಂತ ಸೇರಿಸಿ ಕೇಳಬಹುದು. ಆದರೆ ಕರೆಂಟು ಹೋಗಬಾರದು. ಹೋದರೆ ಡಿಸ್ಕು ‘ಮೀಡಿಯಂ ಫಾರ್ಮ್ಯಾಟ್ ಕರಪ್ಟೆಡ್’ ಅಂತ ಹಠ ಹಿಡಿದು ಕೂರುತ್ತದೆ. ಗಾಬರಿ ಬೇಡ, ಸತ್ತಿಲ್ಲ. ಅದೇ ಆಜ್ಞೆಯನ್ನು ಮೊದಲಿನಿಂದ ಮತ್ತೆ ಕೊಡಬೇಕು, ನಿಂತಲ್ಲಿಂದ ಮುಂದುವರಿಯುವುದಿಲ್ಲ. ಅದಕ್ಕೇ ನಾನು ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮತ್ತು ತುಲಾ ಮಾಸದ (ಅಕ್ಟೋಬರ್, ನವೆಂಬರ್) ಸಿಡಿಲಿನ ದಿನಗಳಲ್ಲಿ ಈ ಕೆಲಸ ಹಿಡಿಯುವುದಿಲ್ಲ. ಮೊದಲು ಒಂದು ಡಿಸ್ಕನ್ನು ಪೂರ್ತಿ ಮುಗಿಸಿ ನೋಡಿ. ಸರಿ ಬಂದರೆ ಆರಾರು ಒಟ್ಟಿಗೆ ಹಾಕಿ. 24ನ್ನೂ ಒಟ್ಟಿಗೆ ಹಾಕಲು ಅಡ್ಡಿಯೇನಿಲ್ಲ. ಒಂದು ಮಿಂಚಿಗೆ ಇಪ್ಪತ್ತನಾಲ್ಕೂ ಅರ್ಧದಲ್ಲಿ ನಿಲ್ಲಬಹುದು, ಅಷ್ಟೇ.

ಅರ್ಧ ಕಾಣ್ತವೆ, ಅಥವಾ ಇದ್ದದ್ದಕ್ಕಿಂತ ಜಾಸ್ತಿ ಕಾಣ್ತವೆ

24 ಹಾಕಿದ್ದಕ್ಕೆ 48 ಬಂದರೆ ಖುಷಿಪಡಬೇಡಿ. ಎರಡೂ ಐಒಎಂಗೆ ಕೇಬಲ್ ಹಾಕಿದ್ದೀರಿ, ಪ್ರತಿ ಡಿಸ್ಕು ಎರಡು ದಾರಿಯಲ್ಲಿ ಬಂದು ಎರಡು ಹೆಸರು ಪಡೆದಿದೆ. ಎರಡು ಹೆಸರೂ ಒಂದೇ ಡಿಸ್ಕಿನದು ಅಂತ ಲಿನಕ್ಸಿಗೆ ತಿಳಿಸುವ ಮಲ್ಟಿಪಾತ್ ಹೊಂದಿಸದೆ ಎರಡು ಹೆಸರಿಗೂ ಬೇರೆ ಬೇರೆಯಾಗಿ ಬರೆದರೆ ಡೇಟಾ ಹಾಳು. ಮನೆ, ಸ್ಟುಡಿಯೋಗಳಿಗೆ ಒಂದೇ ಕೇಬಲ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಒಂದು ಕೇಬಲಿನಲ್ಲಿ 6 ಗಿಗಾಬಿಟ್ಟಿನ ನಾಲ್ಕು ಲೇನ್ ಇವೆ. ನಿಮ್ಮ ಲ್ಯಾನ್ ಅದರ ಹತ್ತಿರಕ್ಕೂ ಬರುವುದಿಲ್ಲ.

ಸ್ಯಾಸ್ ಡಿಸ್ಕು ಕಂಡು ಸಾಟಾ ಕಾಣದಿದ್ದರೆ ಕೇಬಲ್ ಯಾವ ಐಒಎಂನಲ್ಲಿದೆ ನೋಡಿ. ಸ್ಯಾಸ್ ಡಿಸ್ಕಿಗೆ ಎರಡು ಪೋರ್ಟು, ಸಾಟಾಗೆ ಒಂದೇ. ಕ್ಯಾಡಿಯಲ್ಲಿ (ಡಿಸ್ಕು ಹಿಡಿಯುವ ಚೌಕಟ್ಟು) ಡಿಸ್ಕಿನ ಹಿಂದೆ ಇಂಟರ್‌ಪೋಸರ್ ಅನ್ನುವ ಚಿಕ್ಕ ಬೋರ್ಡು ಇಲ್ಲದಿದ್ದರೆ ಸಾಟಾ ಡಿಸ್ಕು ಒಂದು ಐಒಎಂಗೆ ಮಾತ್ರ ಸಿಗುತ್ತದೆ. ಕೇಬಲನ್ನು ಇನ್ನೊಂದಕ್ಕೆ ಬದಲಿಸಿ.

ಗಂಟೆ ಕಳೆದ ಮೇಲೆ ಎಲ್ಲ ಮಾಯ

ಈ ಎಚ್‌ಬಿಎ ಕಾರ್ಡುಗಳು ಸರ್ವರಿನ ಜೋರು ಗಾಳಿಗೆ ಮಾಡಿದವು. ಸಾಧಾರಣ ಟವರ್ ಕ್ಯಾಬಿನೆಟ್ಟಿನಲ್ಲಿ ಹಾಕಿದರೆ ಅವುಗಳ ಮೇಲೆ ಗಾಳಿಯೇ ಆಡುವುದಿಲ್ಲ. ಸೆಕೆಗಾಲದಲ್ಲಿ, ಅದರಲ್ಲೂ ಹಂಚಿನ ಮಾಡಿನ ಕೆಳಗಿನ ಅಟ್ಟದಲ್ಲಿ, ಹೀಟ್‌ಸಿಂಕ್ ಕೈ ಇಡಲಾಗದಷ್ಟು ಕಾಯುತ್ತದೆ. ಫೈಲು ಕಾಪಿ ಆಗುತ್ತಿದ್ದಂತೆ ಲಾಗಿನಲ್ಲಿ ರೀಸೆಟ್ ಸಾಲುಗಳು ಸುರಿದು ಎಲ್ಲ ಡಿಸ್ಕು ಒಮ್ಮೆಗೇ ಹೋಗುತ್ತವೆ. ಕ್ಯಾಬಿನೆಟ್ ಬಾಗಿಲು ತೆಗೆದು, ಮೇಜಿನ ಫ್ಯಾನ್ ಅದರತ್ತ ತಿರುಗಿಸಿ ಅದೇ ಕಾಪಿ ಮತ್ತೆ ಮಾಡಿ. ಈಗ ಕಾಪಿ ಅರ್ಧಕ್ಕೆ ನಿಲ್ಲದಿದ್ದರೆ ತೊಂದರೆ ಬಿಸಿಯದೇ, ಹೀಟ್‌ಸಿಂಕ್ ಮೇಲೆ 40 ಮಿಲಿಮೀಟರಿನ ಫ್ಯಾನ್ ಕೂರಿಸಿ, ಮುಗಿಯಿತು.

ಗಾಳಿ ಕೊಟ್ಟರೂ ಹೋದರೆ ಕೇಬಲ್. ಲಿನಕ್ಸಿನ ಸಿಸ್ ಫೋಲ್ಡರಿನಲ್ಲಿ ಕ್ಲಾಸ್, ಅದರೊಳಗೆ ಸ್ಯಾಸ್ ಫೈ ಅಂತ ಇದೆ. ಪ್ರತಿ ಲೇನಿಗೂ ಒಂದೊಂದು ಫೋಲ್ಡರ್. ಅದರಲ್ಲಿ ‘ಇನ್‌ವ್ಯಾಲಿಡ್ ಡಿವರ್ಡ್ ಕೌಂಟ್’ ಮತ್ತು ‘ಲಾಸ್ ಆಫ್ ಡಿವರ್ಡ್ ಸಿಂಕ್ ಕೌಂಟ್’ ಬರೆದಿಟ್ಟುಕೊಳ್ಳಿ. ಒಂದು ದೊಡ್ಡ ಫೈಲು ಕಾಪಿ ಮಾಡಿ ಮತ್ತೆ ನೋಡಿ. ಶುರುವಿನಲ್ಲಿ ಒಂದಿಷ್ಟು ಇದ್ದರೆ ಪರವಾಗಿಲ್ಲ, ಕಾಪಿ ಆಗುವಾಗ ಏರುತ್ತಾ ಹೋದರೆ ಆ ಲೇನಿನಲ್ಲಿ ಗಲಾಟೆ ಉಂಟು. ಮಂಜೇಶ್ವರ, ಉಪ್ಪಳದಂಥ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಪೋರ್ಟಿನ ಪಿನ್ನುಗಳು ಮಂಕಾಗುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಲೆಕ್ಕ ಮತ್ತೂ ಏರಿದರೆ ಕೇಬಲ್ ಬದಲಿಸಿ.

ನಿಧಾನ ಮಾತ್ರ ಅಂತಾದರೆ ಶೆಲ್ಫಿನ ತಪ್ಪಲ್ಲ ಅನ್ನಿ. ಕಾಪಿ ಸೆಕೆಂಡಿಗೆ ಸರಿಯಾಗಿ 11 ಎಂಬಿಯಲ್ಲೇ ನಿಂತಿದ್ದರೆ ಲ್ಯಾನ್ 100 ಮೆಗಾಬಿಟ್ಟಿಗೆ ಇಳಿದಿದೆ. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಎಲ್ಲೋ ಇಲಿ ಕಡಿದಿರುತ್ತದೆ. ಮನೆಯಿಂದ ಸ್ಟುಡಿಯೋ ಕಟ್ಟಡಕ್ಕೆ ಅಂಗಳ ದಾಟಿ ಹೋಗುವ ಲೈನಾದರೆ ತಾಮ್ರ ತೆಗೆದು ಫೈಬರ್ ಹಾಕಿಸಿ, ಸಿಡಿಲು ಆ ದಾರಿಯಲ್ಲಿ ಬರುವುದು ನಿಲ್ಲುತ್ತದೆ.

ಒಂದೇ ಡಿಸ್ಕು ಕಾಟ ಕೊಟ್ಟರೆ

ಕ್ಯಾಡಿ ಸಮೇತ ಬೇರೆ ಬೇಗೆ ಹಾಕಿ. ದೋಷ ಡಿಸ್ಕಿನ ಜೊತೆ ಹೋದರೆ ಡಿಸ್ಕಿನದು, ಹಳೆ ಬೇಯಲ್ಲೇ ಉಳಿದರೆ ಬೇಯದು. ಲಾರಿಯಲ್ಲಿ ಡಿಸ್ಕು ಸಮೇತ ಬಂದ ಶೆಲ್ಫಾದರೆ ಮೊದಲು ಎಲ್ಲವನ್ನೂ ಹೊರಗೆಳೆದು ಮತ್ತೆ ಕೂರಿಸಿ.

ಡಿಸ್ಕಿನದೇ ಅಂತಾದರೆ ಅದರ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಆಜ್ಞೆಯ ವರದಿ ತೆಗೆಯಿರಿ. ಸ್ಯಾಸ್ ಡಿಸ್ಕಿನ ವರದಿ ಸಾಟಾದ ಹಾಗಿರುವುದಿಲ್ಲ. ನೋಡಬೇಕಾದ್ದು ‘ಎಲಿಮೆಂಟ್ಸ್ ಇನ್ ಗ್ರೋನ್ ಡಿಫೆಕ್ಟ್ ಲಿಸ್ಟ್’, ಅಂದರೆ ಕಾರ್ಖಾನೆ ಬಿಟ್ಟ ಮೇಲೆ ಹಾಳಾದ ಜಾಗಗಳ ಲೆಕ್ಕ, ಮತ್ತು ಓದುವಾಗ ಸರಿಪಡಿಸಲಾಗದ ತಪ್ಪುಗಳ ಒಟ್ಟು ಸಂಖ್ಯೆ. ಓಡಿದ ಗಂಟೆ 40,000 ದಾಟಿದೆ ಅಂತ ಬೆಚ್ಚಬೇಡಿ. ಐದು ವರ್ಷ ಬಿಡದೆ ಓಡಿದರೆ 43,800 ಗಂಟೆ, ಹಳೆ ಮಾಲಿನಲ್ಲಿ ಅದು ಇದ್ದದ್ದೇ. ಡಿಫೆಕ್ಟ್ ಲೆಕ್ಕ ಸೊನ್ನೆ ಇದ್ದರೆ ಒಳ್ಳೆಯದು. ನಾಲ್ಕಾರು ಇದ್ದು ಅಲ್ಲೇ ನಿಂತಿದ್ದರೆ ನಾನು ಇಟ್ಟುಕೊಳ್ಳುತ್ತೇನೆ. ಡಿಸ್ಕಿನ ತುಂಬ ಒಮ್ಮೆ ಬರೆದು, ಓದಿ, ಮತ್ತೆ ವರದಿ ತೆಗೆದಾಗ ಏರಿದ್ದರೆ ಮಾರಿದವರಿಗೆ ಎರಡೂ ವರದಿ ಕಳಿಸಿ ಬದಲಿ ಕೇಳಿ. “ಟೆಸ್ಟೆಡ್ ಓಕೆ” ಅನ್ನುವ ಸ್ಟಿಕರಿಗಿಂತ ಈ ಎರಡು ಹಾಳೆಗೆ ಬೆಲೆ ಜಾಸ್ತಿ, ಅವರಿಗೂ ಅದು ಗೊತ್ತು.

ಬದಲಿ ಬರುವ ತನಕ ಆ ಬೇಯನ್ನು ಬಾಯಿ ತೆರೆದು ಬಿಡಬೇಡಿ. ಡಿಸ್ಕಿಲ್ಲದ ಖಾಲಿ ಕ್ಯಾಡಿಯಾದರೂ ಹಾಕಿ. ಇಲ್ಲವಾದರೆ ಗಾಳಿಯೆಲ್ಲ ಅಲ್ಲಿಂದಲೇ ನುಗ್ಗಿ ಪಕ್ಕದ ಡಿಸ್ಕುಗಳು ಕಾಯುತ್ತವೆ.